ಹಸುವಿನ ಬಾಯಿ ನೋಡಲು ಕಲಿಯೋಣ

ಕಳೆದ ಮಳೆಗಾಲದಲ್ಲಿ ಸಂಘದ ಸದಸ್ಯರೊಬ್ಬರು ಹೊಸದಾಗಿ ಕೊಂಡ ಎಚ್.ಎಫ್. ಮಿಶ್ರತಳಿ ಹಸುವಿಗೆ ವಿಮೆ ಮಾಡಿಸಲು ನನ್ನನ್ನು ಕರೆಸಿದ್ದರು. ಹಸು ನೋಡಲು ಲಕ್ಷಣವಾಗಿಯೇ ಇತ್ತು. ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದರು. ಕೆಚ್ಚಲೂ ದೊಡ್ಡದು. "ಎರಡನೇ ಸೂಲು ಸಾರ್, ನಾಲ್ಕೂವರೆ ವರ್ಷ ಅಂತ ಹೇಳಿ ಕೊಟ್ಟಿದ್ದಾರೆ" ಎಂದರು. ಕೆಳದುಟಿ ಇಳಿಸಿ ನೋಡಿದೆ. ಮುಂದಿನ ಎಂಟೂ ಹಲ್ಲು ಇದ್ದವು, ನಿಜ. ಆದರೆ ಎಂಟೂ ಸವೆದು ಮಟ್ಟವಾಗಿದ್ದವು. ನಡುವಿನ ಜೋಡಿಯ ಬುಡ ಒಸಡಿನಿಂದ ಮೇಲೆದ್ದು ಗೂಟದಂತೆ ಕಾಣುತ್ತಿತ್ತು, ಹಲ್ಲು ಹಲ್ಲಿನ ನಡುವೆ ಸಂದು ಬಿದ್ದಿತ್ತು. ಹತ್ತು ವರ್ಷಕ್ಕೆ ಕಡಿಮೆ ಇರಲಾರದು.

"ಸಂತೆಯಲ್ಲಿ ಹಲ್ಲು ನೋಡಲಿಲ್ಲವೇ?" ಎಂದು ಕೇಳಿದೆ. "ನೋಡಿದೆನಲ್ಲ ಸಾರ್. ಎಣಿಸಿದೆ, ಎಂಟಿತ್ತು. ಬಾಯಿಗೂಡಿದೆ ಅಂತಲೇ ಕೊಂಡೆ" ಎಂದರು. ಸಾಲ ಮಾಡಿ ತಂದ ಹಸು. ವಿಮೆ ಆಗಲಿಲ್ಲ. ಮೂರೋ ನಾಲ್ಕೋ ಸೂಲು ಹಾಲು ಕರೆಯಬಹುದೆಂದು ಲೆಕ್ಕ ಹಾಕಿದ್ದವರಿಗೆ ಒಂದು ಸೂಲು ದಕ್ಕಿದರೆ ಹೆಚ್ಚು ಎನ್ನುವಂತಾಯಿತು. ಅವರು ಹಲ್ಲನ್ನು ಎಣಿಸಿದ್ದರು, ಸವೆತವನ್ನು ನೋಡಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಆದರೆ ಬಾಯಿ ನೋಡುವ ಅಭ್ಯಾಸ ಸಂತೆಗೆ ಮಾತ್ರ ಸಾಕು ಎಂದುಕೊಳ್ಳಬೇಡಿ. ಡೇರಿಯಲ್ಲಿ ಬರುವ ಫ್ಯಾಟ್‌ಗೂ ಹಲ್ಲಿಗೂ ಸಂಬಂಧವಿದೆ. ಕೆಲವೊಮ್ಮೆ ಬಾಯಿಗೆ ಕೈ ಹಾಕುವುದು ಮನೆಯವರ ಪ್ರಾಣಕ್ಕೇ ಕುತ್ತಾಗುತ್ತದೆ. ಅದನ್ನೂ ಮುಂದೆ ಹೇಳುತ್ತೇನೆ.

ಮೇಲಿನ ಹಲ್ಲು ಎಲ್ಲಿ?

ಪೇಟೆಯಿಂದ ಬಂದು ಹೊಸದಾಗಿ ಹೈನುಗಾರಿಕೆ ಶುರು ಮಾಡಿದ ಯುವಕರೊಬ್ಬರು "ಹಸುವಿಗೆ ಮೇಲಿನ ಹಲ್ಲೆಲ್ಲ ಬಿದ್ದುಹೋಗಿವೆ" ಎಂದು ಗಾಬರಿಯಿಂದ ಫೋನ್ ಮಾಡಿದ್ದರು. ನಗುವ ವಿಷಯವಲ್ಲ, ಹೇಳಿಕೊಡುವವರಿಲ್ಲದಿದ್ದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಹಸು, ಎಮ್ಮೆ, ಕುರಿ, ಮೇಕೆ ಯಾವುದಕ್ಕೂ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲು ಇರುವುದಿಲ್ಲ. ಆ ಜಾಗದಲ್ಲಿ ಗಟ್ಟಿಯಾದ ದಿಂಡಿನಂಥ ಒಸಡು ಇರುತ್ತದೆ. ಹಸು ನಾಲಿಗೆಯನ್ನು ಹೊರಚಾಚಿ ಹುಲ್ಲಿನ ಕಂತೆಯನ್ನು ಸುತ್ತಿ ಒಳಗೆಳೆದುಕೊಂಡು, ಕೆಳಗಿನ ಹಲ್ಲು ಮತ್ತು ಮೇಲಿನ ದಿಂಡಿನ ನಡುವೆ ಒತ್ತಿ ಹಿಡಿದು, ತಲೆ ಝಾಡಿಸಿ ಹರಿದುಕೊಳ್ಳುತ್ತದೆ. ಕುಡುಗೋಲಿನ ಕೆಲಸವನ್ನು ಹೆಚ್ಚಾಗಿ ಮಾಡುವುದು ನಾಲಿಗೆಯೇ. ಹಾಗಾಗಿಯೇ ಕುರಿಗಳಂತೆ ನೆಲಕ್ಕೆ ಅಂಟಿದ ಗಿಡ್ಡ ಹುಲ್ಲನ್ನು ಹಸು ಮೇಯಲಾರದು.

ಮುಂದಿನ ಹಲ್ಲು ಕೈಯಲ್ಲಿ ಒತ್ತಿದರೆ ಸ್ವಲ್ಪ ಅಲುಗುತ್ತವೆ. ಇದೂ ರೋಗವಲ್ಲ. ಮೇಲಿನ ದಿಂಡಿಗೆ ಗಾಯವಾಗದಿರಲೆಂದು ಅವು ಒಸಡಿನಲ್ಲಿ ಸಡಿಲವಾಗಿಯೇ ಕೂತಿರುತ್ತವೆ. ಎಳೆಯ ಪಡ್ಡೆಯ ಹಲ್ಲೂ ಅಲುಗುತ್ತದೆ.

ಬೆಳೆದ ಹಸುವಿಗೆ ಒಟ್ಟು 32 ಹಲ್ಲು, ಕರುವಿಗೆ 20 ಹಾಲುಹಲ್ಲು. ನಮಗೂ ಅಷ್ಟೇ! ಲೆಕ್ಕ ಒಂದೇ ಆದರೂ ಹಂಚಿಕೆ ಬೇರೆ. ಹಸುವಿನಲ್ಲಿ ಎಂಟು ಕೆಳಗೆ ಮುಂದಿರುತ್ತವೆ. ಉಳಿದ 24 ಹಲ್ಲು ಕೆನ್ನೆಯ ಒಳಗೆ, ಮೇಲೆ 12, ಕೆಳಗೆ 12. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಅಂಗೈ ಹಿಡಿಸುವಷ್ಟು ಖಾಲಿ ಜಾಗ. ಔಷಧ ಕುಡಿಸುವಾಗ ಗೊಟ್ಟ ಇಡುವುದು ಆ ಜಾಗದಲ್ಲೇ.

ಎಣಿಸುವುದು ಮಾತ್ರವಲ್ಲ, ಸವೆತವನ್ನೂ ನೋಡಿ

ಜಾತ್ರೆಗಳಲ್ಲಿ ರಾಸುಗಳಿಗೆ ಬಹುಮಾನ ಕೊಡುವಾಗ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಿಭಾಗ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಈ ಲೆಕ್ಕ ಹಿರಿಯರದು, ಗಟ್ಟಿಯಾದದ್ದು.

ಕರು ಹುಟ್ಟುವಾಗಲೇ ಕೆಲವು ಹಾಲುಹಲ್ಲು ಮೂಡಿರುತ್ತವೆ, ಒಂದು ತಿಂಗಳೊಳಗೆ ಎಂಟೂ ಬರುತ್ತವೆ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ನಡುವಿನ ಜೋಡಿ ಉದುರಿ ಶಾಶ್ವತ ಹಲ್ಲು ಬರುತ್ತದೆ. ಇದೇ 'ಎರಡು ಹಲ್ಲು ಹಾಕಿದೆ' ಎನ್ನುವುದು. ಎರಡೂವರೆ ವರ್ಷದ ಸುಮಾರಿಗೆ ನಾಲ್ಕು ಹಲ್ಲು, ಮೂರರಿಂದ ಮೂರೂವರೆಗೆ ಆರು, ನಾಲ್ಕು ವರ್ಷದ ಹೊತ್ತಿಗೆ ಎಂಟು. ಅಲ್ಲಿಗೆ ಬಾಯಿಗೂಡಿತು. ಮೂರ್ನಾಲ್ಕು ತಿಂಗಳು ಆಚೀಚೆ ಆಗುವುದು ಸಹಜ. ಮಿಶ್ರತಳಿಯಲ್ಲಿ ಬೇಗ, ಹಳ್ಳಿಕಾರ್, ಅಮೃತಮಹಲ್‌ನಂಥ ನಮ್ಮ ತಳಿಗಳಲ್ಲಿ ತುಸು ತಡ. ಎಮ್ಮೆಯಲ್ಲಿ ಇನ್ನೂ ತಡ, ಹಸುವಿಗಿಂತ ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಂದೆ ಬೀಳುತ್ತದೆ.

ಹಾಲುಹಲ್ಲು ಯಾವುದು, ಶಾಶ್ವತ ಹಲ್ಲು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ. ಹಾಲುಹಲ್ಲು ಚಿಕ್ಕದು, ಬೆಳ್ಳಗಿರುತ್ತದೆ, ಬುಡದಲ್ಲಿ ಸಣ್ಣ ಕತ್ತು ಇರುತ್ತದೆ. ಶಾಶ್ವತ ಹಲ್ಲು ಅಗಲ, ಸಲಿಕೆಯ ಆಕಾರ, ಬಣ್ಣ ತುಸು ಹಳದಿ. ಎರಡೂ ಪಕ್ಕಪಕ್ಕ ಇರುವ ಒಂದು ಪಡ್ಡೆಯ ಬಾಯಿ ನೋಡಿದರೆ ಮತ್ತೆ ಮರೆಯುವುದಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ವಯಸ್ಸು ಗೊತ್ತಿರುವ ರಾಸುಗಳಿದ್ದರೆ ಮೊದಲು ಅವುಗಳ ಬಾಯಿ ನೋಡಿ ಅಭ್ಯಾಸ ಮಾಡಿಕೊಳ್ಳಿ.

ಬಾಯಿಗೂಡಿದ ಮೇಲೆ ಎಣಿಕೆ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ವರ್ಷದ ಹಸುವಿಗೂ ಎಂಟೇ ಹಲ್ಲು, ಹನ್ನೊಂದು ವರ್ಷದ್ದಕ್ಕೂ ಎಂಟೇ ಹಲ್ಲು. ಇಲ್ಲಿಂದ ಮುಂದೆ ನೋಡಬೇಕಾದ್ದು ಸವೆತ. ಹೊಸ ಹಲ್ಲಿನ ತುದಿ ಉಳಿಯಂತೆ ಚೂಪಾಗಿ, ಕಮಾನಿನ ಆಕಾರದಲ್ಲಿರುತ್ತದೆ. ಮೇಯುತ್ತಾ ಮೇಯುತ್ತಾ ತುದಿ ಸವೆದು ಮೇಜಿನ ಮೇಲ್ಮೈಯಂತೆ ಚಪ್ಪಟೆಯಾಗುತ್ತದೆ. ನಡುವಿನ ಜೋಡಿ ಆರು ವರ್ಷದ ಸುಮಾರಿಗೆ, ಅದರ ಪಕ್ಕದ ಜೋಡಿ ಏಳಕ್ಕೆ, ಮೂರನೆಯದು ಎಂಟಕ್ಕೆ, ಅಂಚಿನದು ಒಂಬತ್ತಕ್ಕೆ ಹೀಗೆ ಮಟ್ಟವಾಗುತ್ತವೆ. ಹತ್ತು ದಾಟಿದ ಮೇಲೆ ಹಲ್ಲು ಕುಳ್ಳಾಗಿ, ಒಸಡು ಹಿಂದೆ ಸರಿದು ಬುಡ ಕಾಣುತ್ತದೆ, ಸಂದು ಬೀಳುತ್ತದೆ. ಆಮೇಲೆ ಒಂದೊಂದಾಗಿ ಉದುರುತ್ತವೆ. ಉದುರಿ ಆರು ಉಳಿದ ಮುದಿ ಹಸುವನ್ನು 'ಆರು ಹಲ್ಲಿನದು' ಎಂದು ಮಾರುವವರೂ ಇದ್ದಾರೆ. ನಿಜವಾದ ಆರು ಹಲ್ಲಿನ ಹಸುವಿಗೆ ಅಂಚಿನಲ್ಲಿ ಎರಡು ಹಾಲುಹಲ್ಲು ಇರಲೇಬೇಕು, ಇಲ್ಲವೇ ಹೊಸ ಹಲ್ಲಿನ ಮೊಳಕೆ ಕಾಣಬೇಕು.

ಮಾರುವವರ ಮಾತನ್ನೂ ಹಲ್ಲನ್ನೂ ತಾಳೆ ನೋಡುವುದು ಒಳ್ಳೆಯದು. ಚೆನ್ನಾಗಿ ಸಾಕಿದ ಮಿಶ್ರತಳಿ ಪಡ್ಡೆ ಎರಡೂವರೆಯಿಂದ ಮೂರು ವರ್ಷಕ್ಕೆ ಮೊದಲ ಕರು ಹಾಕುತ್ತದೆ, ಅಂದರೆ ಬಾಯಲ್ಲಿ ನಾಲ್ಕು ಅಥವಾ ಆರು ಹಲ್ಲು. ಎರಡನೇ ಸೂಲಿಗೆ ಆರರಿಂದ ಎಂಟು, ಅದೂ ಸವೆಯದ ಹಲ್ಲು. 'ಚೊಚ್ಚಲು' ಎಂದು ಹೇಳಿ, ಬಾಯಲ್ಲಿ ಎಂಟು ಹಲ್ಲು ಸವೆದು ಕೂತಿದ್ದರೆ ಎರಡರಲ್ಲೊಂದು: ಮಾರುವವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಆ ಹಸು ಗಬ್ಬ ಕಟ್ಟಲು ತುಂಬಾ ಸತಾಯಿಸಿದೆ. ಎರಡೂ ನಿಮಗೆ ಬೇಡದ್ದೇ. ಕೊಂಬಿನ ಬಳೆಗಳನ್ನು ಎಣಿಸಿ ಎರಡು ಸೇರಿಸಿ ವಯಸ್ಸು ಹೇಳುವ ಪದ್ಧತಿಯೂ ಇದೆ. ನಾನು ಅದನ್ನು ನೆಚ್ಚುವುದಿಲ್ಲ. ಬಳೆಯನ್ನು ಗಾಜಿನ ಚೂರಿನಿಂದ ಹೆರೆದು ಎಣ್ಣೆ ಸವರಿದರೆ ಮುಗಿಯಿತು. ಈಗಿನ ಮಿಶ್ರತಳಿಗಳಲ್ಲಿ ಕರುವಿದ್ದಾಗಲೇ ಕೊಂಬು ಸುಡಿಸುವುದರಿಂದ ನೋಡಲು ಕೊಂಬೇ ಇರುವುದಿಲ್ಲ.

ವಿಮೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಹಾಲು ಕೊಡುವ ಹಸುವಿಗೆ 2ರಿಂದ 10 ವರ್ಷ, ಎಮ್ಮೆಗೆ 3ರಿಂದ 12 ವರ್ಷದೊಳಗೆ ವಿಮೆ ಸಿಗುತ್ತದೆ. ಪ್ರಮಾಣಪತ್ರದಲ್ಲಿ ಪಶುವೈದ್ಯರು ವಯಸ್ಸು ಬರೆಯುವುದು ಹಲ್ಲು ನೋಡಿಯೇ. 'ಒಂದೆರಡು ವರ್ಷ ಕಡಿಮೆ ಬರೆದುಕೊಡಿ ಸಾರ್' ಎಂದು ಕೇಳುವವರಿಗೆ ಒಂದು ಮಾತು: ರಾಸು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲೂ ಅದೇ ಹಲ್ಲು ಅಲ್ಲೇ ಇರುತ್ತದೆ.

ನೋಡುವ ಕ್ರಮ ಸುಲಭ. ಮೊದಲು ಹಸು ಜೊಲ್ಲು ಸುರಿಸುತ್ತಿದೆಯೇ, ಮಂಕಾಗಿದೆಯೇ ಗಮನಿಸಿ. ಹಾಗಿದ್ದರೆ ಮುಟ್ಟಲೇಬೇಡಿ. ಇಲ್ಲವಾದರೆ ಎದುರಿಗೆ ನಿಲ್ಲದೆ ಕುತ್ತಿಗೆಯ ಪಕ್ಕ ನಿಂತು, ಒಂದು ಕೈಯಲ್ಲಿ ಮೂಗುದಾರ ಅಥವಾ ಮೂಗಿನ ಹೊಳ್ಳೆಗಳ ನಡುವೆ ಹಿಡಿದು ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳದುಟಿಯನ್ನು ಇಳಿಸಿದರೆ ಸಾಕು. ಮುಂದಿನ ಹಲ್ಲು ನೋಡಲು ಬಾಯಿ ಬಿಡಿಸುವ ಅಗತ್ಯವಿಲ್ಲ. ದವಡೆ ಹಲ್ಲಿನ ಕಡೆಗೆ ಬೆರಳು ತೂರಿಸಬೇಡಿ. ಜೋಳದ ದಂಟು ನುರಿಸುವ ಹಲ್ಲಿಗೆ ಬೆರಳು ಯಾವ ಲೆಕ್ಕ?

ಕೆನ್ನೆಯೊಳಗಿನ ಬೀಸುಕಲ್ಲು

ನಮ್ಮ ಅಜ್ಜಿಯರ ಕಾಲದಲ್ಲಿ ರಾಗಿ ಬೀಸುವ ಕಲ್ಲು ನುಣುಪಾದರೆ ಹಿಟ್ಟು ಬೀಳುತ್ತಿರಲಿಲ್ಲ. ಕಲ್ಲು ಕುಟ್ಟುವವರನ್ನು ಕರೆಸಿ ಉಳಿ ಹಾಕಿಸಿ ಮತ್ತೆ ಒರಟು ಮಾಡಿಸುತ್ತಿದ್ದರು. ಹಸುವಿನ ದವಡೆ ಹಲ್ಲಿಗೆ ಆ ಕೆಲಸ ತಾನಾಗಿಯೇ ನಡೆಯುತ್ತದೆ. ಅದರಲ್ಲಿ ಗಟ್ಟಿ ಪದರ, ಮೆದು ಪದರ ಮಡಿಕೆ ಮಡಿಕೆಯಾಗಿ ಸೇರಿಕೊಂಡಿವೆ. ಮೆದುವಾದದ್ದು ಬೇಗ ಸವೆಯುತ್ತದೆ, ಗಟ್ಟಿಯಾದದ್ದು ಏಣಿನಂತೆ ಎದ್ದು ನಿಲ್ಲುತ್ತದೆ. ಹಾಗಾಗಿ ಎಷ್ಟು ಅರೆದರೂ ಮೇಲ್ಮೈ ಒರಟಾಗಿಯೇ ಉಳಿಯುತ್ತದೆ. ಹಲ್ಲಿನ ಬಹುಭಾಗ ಒಸಡಿನೊಳಗೆ ಅಡಗಿದ್ದು, ಮೇಲೆ ಸವೆದಷ್ಟೂ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಆದ್ದರಿಂದ ಹಸು ಒಂದು ಸಲಕ್ಕೆ ಒಂದೇ ಪಕ್ಕದಲ್ಲಿ, ದವಡೆಯನ್ನು ಅಡ್ಡಡ್ಡ ಆಡಿಸಿ ಅರೆಯುತ್ತದೆ. ಮೆಲುಕು ಹಾಕುವ ಹಸುವನ್ನು ಎದುರಿನಿಂದ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಮೇಯುವುದೂ ಸೇರಿದರೆ ದವಡೆ ದಿನಕ್ಕೆ ಸುಮಾರು 40,000 ಬಾರಿ ಆಡುತ್ತದೆ. ಹೀಗೆ ಅಗಿಯುವಾಗಲೆಲ್ಲ ಜೊಲ್ಲು ಸುರಿಯುತ್ತದೆ. ದೊಡ್ಡ ಹಸುವಿನಲ್ಲಿ ದಿನಕ್ಕೆ 100ರಿಂದ 150 ಲೀಟರ್! ಅಷ್ಟೂ ಹೊಟ್ಟೆಗೇ ಹೋಗುವುದರಿಂದ ನಮಗೆ ಕಾಣುವುದಿಲ್ಲ. ಈ ಜೊಲ್ಲಿನಲ್ಲಿ ಅಡುಗೆ ಸೋಡಾದ ಅಂಶ ಇದೆ, ದಿನದ ಲೆಕ್ಕ ಹಿಡಿದರೆ ಒಂದು ಕಿಲೋಗೂ ಮಿಕ್ಕಿ. ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗಿ ಹುಟ್ಟುವ ಆಮ್ಲವನ್ನು ಹದದಲ್ಲಿಡುವುದು ಇದೇ. ಹಸುಗಳಲ್ಲಿ ನಮ್ಮಂತೆ ಹಲ್ಲು ಹುಳುಕಾಗುವುದು ಅಪರೂಪವಾಗಲು ಈ ಕ್ಷಾರದ ಜೊಲ್ಲು, ಸಿಹಿ ಪದಾರ್ಥವಿಲ್ಲದ ಮೇವು, ಇವೆರಡೂ ಕಾರಣ.

ಈಗ ಡೇರಿಗೆ ಬನ್ನಿ. ಒಣಹುಲ್ಲು ಕಡಿಮೆ ಮಾಡಿ ಹಿಂಡಿ, ಬೂಸಾ, ಪಶು ಆಹಾರ, ಮುಸುರೆ, ಮಿಕ್ಕಿದ ಅನ್ನ ಜಾಸ್ತಿ ಹಾಕಿದರೆ ಏನಾಗುತ್ತದೆ? ಅಗಿಯಲು ಏನೂ ಇರುವುದಿಲ್ಲ. ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆಯಲ್ಲಿ ಆಮ್ಲ ಹೆಚ್ಚು. ಹಾಲಿನ ಜಿಡ್ಡಿಗೆ ಬೇಕಾದ ಸಾರ ತಯಾರಾಗುವುದು ನಾರಿನ ಅಂಶ ಹುದುಗಿದಾಗ. ಆದ್ದರಿಂದ ಮೊದಲು ಇಳಿಯುವುದು ಫ್ಯಾಟ್. 'ಅಷ್ಟೊಂದು ಫೀಡ್ ಹಾಕುತ್ತಿದ್ದೇನೆ, ಆದರೂ ಫ್ಯಾಟ್ ಬರುತ್ತಿಲ್ಲ, ಮೆಷಿನ್ ಸರಿಯಿಲ್ಲ' ಎಂದು ಸಂಘದಲ್ಲಿ ಜಗಳವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕೆಲವೊಮ್ಮೆ ಮೆಷಿನ್ ಸರಿಯಿಲ್ಲದೆಯೂ ಇರಬಹುದು, ಆದರೆ ಮನೆಗೆ ಹೋಗಿ ಹಸು ಮಲಗಿ ಮೆಲುಕು ಹಾಕುವಾಗ ಒಮ್ಮೆ ಎಣಿಸಿ. ಒಂದು ಉಂಡೆ ಬಾಯಿಗೆ ಬಂದಾಗಿನಿಂದ ನುಂಗುವವರೆಗೆ 50ರಿಂದ 60 ಸಲ ಅಗಿದರೆ ಒಳ್ಳೆಯದು. 40ಕ್ಕಿಂತ ಕಡಿಮೆಯಾದರೆ ಹುಲ್ಲು ಸಾಲದು. ಮೇವನ್ನು ಮೆಷಿನ್‌ನಲ್ಲಿ ಕತ್ತರಿಸುವಾಗ ಒಂದು ಅಂಗುಲದಷ್ಟಿರಲಿ. ಹೊಟ್ಟಿನಂತೆ ಪುಡಿ ಮಾಡಿದರೆ ಮೆಲುಕಿಗೆ ಕೆಲಸವೇ ಇರುವುದಿಲ್ಲ.

ಹುಲ್ಲು ಬೇಕಾದಷ್ಟು ಹಾಕಿಯೂ ಹಸು ಬಡಕಲಾಗುತ್ತಿದ್ದರೆ ದವಡೆ ಹಲ್ಲಿನ ಮೇಲೆ ಅನುಮಾನಪಡಬೇಕು. ಅರ್ಧ ಅಗಿದ ಹುಲ್ಲಿನ ಉಂಡೆಗಳು ಗೋದಲಿಯಲ್ಲಿ ಬಿದ್ದಿರುತ್ತವೆ. ತಲೆ ಒಂದು ಕಡೆ ವಾಲಿಸಿ ಅಗಿಯುತ್ತದೆ. ಬಾಯಿ ನಾರುತ್ತದೆ. ಸಗಣಿಯಲ್ಲಿ ಉದ್ದುದ್ದ ನಾರು, ಇಡೀ ಕಾಳು ಹಾಗೇ ಬರುತ್ತದೆ. ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೆ ಪಶುವೈದ್ಯರು ಬಾಯಿ ತೆರೆದಿಡುವ ಸಾಧನ ಹಾಕಿ ಅರದಿಂದ ಉಜ್ಜಿ ಸರಿಮಾಡುತ್ತಾರೆ. ಸಡಿಲವಾಗಿ ಕೊಳೆತ ಹಲ್ಲಾದರೆ ಕೀಳಬೇಕಾಗುತ್ತದೆ. ವಯಸ್ಸಾಗಿ ಹಲ್ಲು ಸವೆದಿದ್ದರೆ ಚಿಕಿತ್ಸೆ ಇಲ್ಲ, ಆದರೆ ಹಸಿ ಮೇವು, ರಸಮೇವು, ನೆನೆಸಿದ ಹಿಂಡಿ ಕೊಟ್ಟು ಇನ್ನೊಂದು ಸೂಲು ಸಾಗಿಸಬಹುದು.

ಬಾಯಿಮುಳ್ಳು ಎಂಬ ಇಲ್ಲದ ರೋಗ

ಹಸುವಿನ ಕೆನ್ನೆಯ ಒಳಗೆ ಮುಳ್ಳಿನಂಥ ಚೂಪು ಗುಳ್ಳೆಗಳು ಸಾಲು ಸಾಲಾಗಿರುತ್ತವೆ. ಎಲ್ಲವೂ ಗಂಟಲಿನ ಕಡೆಗೆ ಬಾಗಿರುತ್ತವೆ. ನಾಲಿಗೆ ಒರಟಾಗಿರುವುದೂ ಇಂಥವೇ ಸಣ್ಣ ಮುಳ್ಳುಗಳಿಂದ. ಬಾಯಿಗೆ ಹೋದ ಹುಲ್ಲು ಹೊರಗೆ ಜಾರದೆ ಒಳಗೇ ಸಾಗಲೆಂದು ಪ್ರಕೃತಿ ಮಾಡಿಕೊಟ್ಟ ಏರ್ಪಾಡು ಇದು. ಎಲ್ಲ ಆರೋಗ್ಯವಂತ ರಾಸುಗಳಲ್ಲೂ ಇರುತ್ತದೆ.

ಆದರೆ ಹಸು ಮೇವು ಬಿಟ್ಟಾಗ ಕೆಲವೆಡೆ 'ಬಾಯಲ್ಲಿ ಮುಳ್ಳು ಬೆಳೆದಿದೆ' ಎಂದು ಹೇಳಿ ಕತ್ತರಿಯಿಂದ ಕತ್ತರಿಸುವುದು, ಉಪ್ಪು ಅರಿಶಿನ ಹಾಕಿ ರಕ್ತ ಬರುವಂತೆ ತಿಕ್ಕುವುದು ಇನ್ನೂ ನಿಂತಿಲ್ಲ. ಮೇವು ಬಿಟ್ಟಿದ್ದಕ್ಕೆ ಕಾರಣ ಜ್ವರವಿರಬಹುದು, ಅಜೀರ್ಣವಿರಬಹುದು, ಕರು ಹಾಕಿದ ಹೊಸತರಲ್ಲಿ ಕಾಣುವ ಕೀಟೋಸಿಸ್ ಇರಬಹುದು. ಅವು ಎರಡು ಮೂರು ದಿನಕ್ಕೆ ತಾವಾಗಿ ವಾಸಿಯಾದರೆ ಹೆಸರು ಮುಳ್ಳು ಕಿತ್ತವರಿಗೆ. ವಾಸಿಯಾಗದಿದ್ದರೆ ಗಾಯದ ಬಾಯಿಯಿಂದ ಹಸು ಇನ್ನಷ್ಟು ದಿನ ಉಪವಾಸ. ದಯವಿಟ್ಟು ಇದನ್ನು ಮಾಡಿಸಬೇಡಿ.

ಈ ಮುಳ್ಳುಗಳಿಂದ ಒಂದು ತೊಂದರೆ ಇರುವುದು ನಿಜ. ಹುಲ್ಲಿನ ಜೊತೆ ಬಾಯಿಗೆ ಬಂದ ಮೊಳೆ, ತಂತಿ, ಪ್ಲಾಸ್ಟಿಕ್ ಚೂರನ್ನು ಹಸು ಉಗುಳಲಾರದು. ತಂತಿ ಹೊಟ್ಟೆ ಸೇರಿ, ಅಲ್ಲಿಂದ ಹೃದಯದ ಕಡೆಗೆ ಚುಚ್ಚಿಕೊಂಡು ಹೋಗಿ ಸತ್ತ ಹಸುಗಳನ್ನು ಕೊಯ್ದು ನೋಡಿದ್ದೇವೆ. ಮನೆ ಕಟ್ಟಿಸುತ್ತಿರುವ ಜಾಗದಲ್ಲಿ ಮೇವಿನ ಬಣವೆ ಒಟ್ಟಬೇಡಿ.

ಕಂದು ಹಲ್ಲು ಎಂದರೆ ನೀರು ನೋಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಗದಗದ ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕೂ ಹೆಚ್ಚಿನ ನೀರನ್ನು ಕರುಗಳು ವರ್ಷಗಟ್ಟಲೆ ಕುಡಿದರೆ ಒಸಡಿನೊಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲಿನ ಗಟ್ಟಿ ಪದರ ಕೆಡುತ್ತದೆ. ಹಲ್ಲು ಹೊರಬಂದಾಗಲೇ ಸುಣ್ಣದಂತೆ ಬಿಳಿಚಿದ ಮಚ್ಚೆ, ಆಮೇಲೆ ಕಂದು, ಕಪ್ಪು ಪಟ್ಟೆ, ಗುಳಿ. ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ, ಜೋಡಿ ಜೋಡಿಯಾಗಿ ಕಾಣುತ್ತದೆ. ಮೇವಿನ ಕರೆಯಾದರೆ ಉಗುರಿನಿಂದ ಕೆರೆದಾಗ ಹೋಗುತ್ತದೆ, ಇದು ಹೋಗುವುದಿಲ್ಲ.

ಇಂಥ ಹಲ್ಲು ಬೇಗ ಸವೆಯುತ್ತದೆ. ಐದು ವರ್ಷದ ಹಸುವಿನ ಬಾಯಿ ಹತ್ತು ವರ್ಷದ್ದರಂತೆ ಕಾಣುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಸವೆತ ನೋಡಿ ವಯಸ್ಸು ಹೇಳುವಾಗ ಎಚ್ಚರ ಬೇಕು. ಹಲ್ಲಿನ ಒಳಭಾಗ ತೆರೆದುಕೊಂಡು ತಣ್ಣೀರು ತಾಗಿದರೆ ಜುಮ್ಮೆನ್ನುವುದರಿಂದ ಕೆಲವು ಹಸುಗಳು ನೀರನ್ನು ಹೀರದೆ ನಾಯಿಯಂತೆ ನಾಲಿಗೆಯಲ್ಲಿ ನೆಕ್ಕಿ ಕುಡಿಯುತ್ತವೆ. ಮುಂದೆ ಮೂಳೆಗೂ ತಗುಲಿ ಕುಂಟು ಬರುತ್ತದೆ. ಕೆಟ್ಟ ಹಲ್ಲನ್ನು ಸರಿಮಾಡುವ ಔಷಧವಿಲ್ಲ. ಆದರೆ ಹಲ್ಲು ಕೆಡುವುದು ಅದು ತಯಾರಾಗುವ ವಯಸ್ಸಿನಲ್ಲಿ ಮಾತ್ರ, ಅಂದರೆ ಹೆಚ್ಚುಕಡಿಮೆ ಮೂರು ವರ್ಷದೊಳಗೆ. ಹಾಗಾಗಿ ಮಳೆನೀರು, ಕೆರೆ ನೀರು, ಶುದ್ಧೀಕರಿಸಿದ ನೀರು ಸ್ವಲ್ಪವೇ ಸಿಗುವ ಮನೆಯಲ್ಲಿ ಅದನ್ನು ಮೊದಲು ಕರು, ಪಡ್ಡೆಗಳಿಗೆ ಕೊಡಿ. ಖನಿಜ ಮಿಶ್ರಣವನ್ನು ಒಕ್ಕೂಟದಿಂದಲೋ ನಂಬಿಕಸ್ಥರಿಂದಲೋ ಕೊಳ್ಳಿ. ಶುದ್ಧಮಾಡದ ಕಲ್ಲು ರಂಜಕ ಬೆರೆಸಿದ ಅಗ್ಗದ ಮಿಶ್ರಣದಿಂದಲೂ ಫ್ಲೋರೈಡ್ ಒಳಗೆ ಹೋಗುತ್ತದೆ. ಮತ್ತೊಂದು ಮಾತು: ಕೊಟ್ಟಿಗೆಯ ತೊಟ್ಟಿಗೂ ಮನೆಯ ಬಿಂದಿಗೆಗೂ ನೀರು ಒಂದೇ ಕೊಳವೆಬಾವಿಯದಾದರೆ, ಪಡ್ಡೆಯ ಹಲ್ಲಲ್ಲಿ ಕಂದು ಪಟ್ಟೆ ಕಂಡ ದಿನ ಮನೆಯ ಮಕ್ಕಳ ಹಲ್ಲನ್ನೂ ನೋಡಿ.

ಜೊಲ್ಲು ಸುರಿಯುತ್ತಿದ್ದರೆ ಕೈ ಹಾಕಬೇಡಿ

ಹಸುವಿನ ಬಾಯಿಂದ ಹಗ್ಗದಂತೆ ಜೊಲ್ಲು ಇಳಿಯುತ್ತಿದೆ ಎಂದರೆ ಅದಕ್ಕೆ ನುಂಗಲು ಆಗುತ್ತಿಲ್ಲ ಎಂದರ್ಥ. ಕಾರಣಗಳು ಹಲವು.

ಕಾಲುಬಾಯಿ ರೋಗದಲ್ಲಿ ಜ್ವರ ಬಂದು ನಾಲಿಗೆ, ಒಸಡು, ಮೇಲಿನ ದಿಂಡಿನ ಮೇಲೆ ಬೊಬ್ಬೆ ಎದ್ದು ಒಡೆದು ಚರ್ಮ ಸುಲಿಯುತ್ತದೆ. ಹಸು ಚಪ್ಪರಿಸುವ ಸದ್ದು ಮಾಡುತ್ತದೆ, ಕಾಲು ಕೊಡವುತ್ತದೆ. 2013ರಲ್ಲಿ ಈ ರೋಗ ನಮ್ಮ ರಾಜ್ಯದಲ್ಲಿ ಹರಡಿ ಸಾವಿರಾರು ರಾಸುಗಳು ಸತ್ತದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕುತ್ತಾರೆ. 'ಹಾಲು ಕಡಿಮೆಯಾಗುತ್ತದೆ' ಎಂದು ಲಸಿಕೆ ತಪ್ಪಿಸುವವರು ಒಂದೆರಡು ದಿನದ ಹಾಲು ಉಳಿಸಿಕೊಳ್ಳಲು ಹೋಗಿ ಹಸುವನ್ನೇ ಪಣಕ್ಕಿಡುತ್ತಾರೆ. ಕಾಲುಬಾಯಿ ರೋಗವೇ ಎಂದು ವೈದ್ಯರು ಹೇಳಿದ ಮೇಲೆ, ತಿಳಿ ಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿದ ನೀರಿನಿಂದಲೋ ಅಡುಗೆ ಸೋಡಾದ ನೀರಿನಿಂದಲೋ ಬಾಯಿ ತೊಳೆದು, ಬೋರಿಕ್ ಪುಡಿ ಕಲಸಿದ ಗ್ಲಿಸರಿನ್ ಅಥವಾ ಜೇನುತುಪ್ಪ ಹಚ್ಚಿ, ರಾಗಿ ಅಂಬಲಿ, ಗಂಜಿ ಕೊಡಬಹುದು.

ನಾಲಿಗೆ ಮರದಂತೆ ಗಟ್ಟಿಯಾಗುವ ರೋಗ, ದವಡೆ ಮೂಳೆಯ ಮೇಲೆ ಕಲ್ಲಿನಂಥ ಗಂಟು ಬೆಳೆಯುವ ರೋಗ, ಇವೆರಡೂ ಮುಳ್ಳು ಮೇವಿನಿಂದ ಬಾಯಲ್ಲಾದ ಗಾಯದ ಮೂಲಕ ರೋಗಾಣು ಸೇರಿ ಬರುತ್ತವೆ. ಮೊದಲಲ್ಲೇ ತೋರಿಸಿದರೆ ಗುಣ, ಹಲ್ಲು ಸಡಿಲವಾದ ಮೇಲೆ ಕಷ್ಟ. ಮಾವಿನ ಓಟೆ, ಗೆಡ್ಡೆಯ ತುಂಡು ಗಂಟಲಲ್ಲಿ ಸಿಕ್ಕಿಕೊಂಡರೂ ಜೊಲ್ಲು ಸುರಿದು ಹೊಟ್ಟೆ ಉಬ್ಬರಿಸುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ಹುಚ್ಚುನಾಯಿ ಕಚ್ಚಿ ರೇಬಿಸ್ ಬಂದ ಹಸುವೂ ಹೀಗೆಯೇ ಕಾಣುತ್ತದೆ. ಗಂಟಲಿನ ನರ ಸೋತು ನುಂಗಲಾಗದೆ ಜೊಲ್ಲು ಸುರಿಸುತ್ತದೆ, ಬಾಯಿ ತೆರೆದೇ ಇರುತ್ತದೆ, ದನಿ ಒಡೆದು ಮತ್ತೆ ಮತ್ತೆ ಕೂಗುತ್ತದೆ. ಎಲ್ಲ ಹಸುಗಳೂ ಹುಚ್ಚೆದ್ದು ಹಾಯುವುದಿಲ್ಲ, ಎಷ್ಟೋ ಹಸುಗಳು ಮಂಕಾಗಿ ನಿಂತಿರುತ್ತವೆ ಅಷ್ಟೇ. ನಾಯಿ ಕಚ್ಚಿದ್ದು ವಾರಗಳ, ತಿಂಗಳುಗಳ ಹಿಂದೆ, ಮೇಯಲು ಬಿಟ್ಟಾಗ. ಯಾರೂ ನೋಡಿರುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದುಕೊಂಡು ಮನೆಯ ಯಜಮಾನ ಮೊಣಕೈವರೆಗೆ ಕೈ ಹಾಕುತ್ತಾನೆ. ಆತನಿಗೆ ಸಿಗದಿದ್ದರೆ ಮಗ, ಮಗನಿಗೆ ಸಿಗದಿದ್ದರೆ ಪಕ್ಕದ ಮನೆಯವರು. ಅಷ್ಟೂ ಜನರ ಕೈಗೆ ಹಲ್ಲು ತರಚಿರುತ್ತದೆ, ಜೊಲ್ಲು ತಾಗಿರುತ್ತದೆ. ನಾನು ಹೋದ ಒಂದು ಮನೆಯಲ್ಲಿ ಹಾಗೆ ಕೈ ಹಾಕಿದವರು ಐದು ಮಂದಿ. ಸಂಜೆಯೇ ಐವರನ್ನೂ ಲಸಿಕೆಗೆ ಕಳಿಸಿದ್ದರಿಂದ ಎಲ್ಲರೂ ಇಂದು ಚೆನ್ನಾಗಿದ್ದಾರೆ. ಹಸು ನಾಲ್ಕನೇ ದಿನ ಸತ್ತಿತು. ರೋಗದ ಲಕ್ಷಣ ಕಂಡ ಮೇಲೆ ಮನುಷ್ಯರಿಗಾಗಲಿ ರಾಸಿಗಾಗಲಿ ಉಳಿವಿಲ್ಲ.

ಕೈಗೆ ಜೊಲ್ಲು ತಾಗಿದ್ದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾರದಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ಹೇಳಿ, ಲಸಿಕೆಯ ಅಷ್ಟೂ ಡೋಸ್ ಪೂರ್ತಿ ಹಾಕಿಸಿಕೊಳ್ಳಿ. ಅನುಮಾನವಿರುವ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಮೊದಲೇ ಕಾಯಿಸಿ ಕುಡಿದಿದ್ದರೆ ಹೆದರಬೇಕಿಲ್ಲ. ಹಸಿ ಹಾಲು ಕುಡಿದವರಿದ್ದರೆ ವೈದ್ಯರಿಗೆ ಹೇಳಿ. ಹುಚ್ಚುನಾಯಿ ಹಸುವನ್ನು ಕಚ್ಚಿದ್ದು ಗೊತ್ತಾದರೆ, ಹಸು ಚೆನ್ನಾಗಿದೆಯಲ್ಲ ಎಂದು ಕಾಯದೆ ಅದೇ ದಿನ ಗಾಯ ತೊಳೆದು ಅದಕ್ಕೂ ಲಸಿಕೆ ಆರಂಭಿಸಬೇಕು. ಜೊಲ್ಲು ಸುರಿಸುವ ರಾಸನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಹತ್ತಿರದ ಪಶು ಆಸ್ಪತ್ರೆಗೋ 1962 ಸಂಖ್ಯೆಗೋ ಕರೆ ಮಾಡಿ. ಫೋನಿನಲ್ಲಿ 'ಗಂಟಲಲ್ಲಿ ಏನೋ ಸಿಕ್ಕಿದೆ' ಎನ್ನುವ ಬದಲು 'ಜೊಲ್ಲು ಸುರಿಸುತ್ತಿದೆ, ನೀರು ನುಂಗುತ್ತಿಲ್ಲ' ಎಂದು ಹೇಳಿದರೆ ವೈದ್ಯರು ಕೈಗವಸು ಸಮೇತ ಬರುತ್ತಾರೆ.